ದೋಣಿಯಲ್ಲಿ ಹೆಣ್ಣು ನೋಡಿದ್ದು

ದೋಣಿಯಲ್ಲಿದ್ದ ದುರ್ಬೀನುಗಳೆಲ್ಲ ಎಡದಂಡೆಯ ಮರದ ಕಡೆಗೆ ತಿರುಗಿದ್ದವು. ಒಂದು ಮಾತ್ರ ಹರಿಣಿಯ ಕಡೆಗೆ ತಿರುಗಿತ್ತು.

ಮರದ ಮೇಲೆ ನೋಡುವಂಥದ್ದು ಇರಲಿಲ್ಲ ಎಂದಲ್ಲ. ಬದನೆಕಾಯಿಯಂಥ ಮೂಗನ್ನು ಇಳಿಬಿಟ್ಟುಕೊಂಡ ಗಂಡು ಮಂಗವೊಂದು ಹೆಂಡಿರು ಮಕ್ಕಳೊಂದಿಗೆ ಸಂಜೆಬಿಸಿಲಿಗೆ ಮೈಯೊಡ್ಡಿ ಕೂತಿತ್ತು. ಬೋರ್ನಿಯೋ ದ್ವೀಪದ ಕಾಡು ಬಿಟ್ಟರೆ ಇನ್ನೆಲ್ಲೂ ಇರದ ಆ ಮಂಗವನ್ನು ನೋಡಲೆಂದೇ ದೆಹಲಿ, ಘಾಜಿಯಾಬಾದ್, ಫರೀದಾಬಾದಿನ ಒಂದು ಗುಂಪು ವಿಮಾನ ಬದಲಿಸಿ ಬದಲಿಸಿ ಬಂದು, ಮಳೆಕಾಡಿನ ನಡುವೆ ಹರಿಯುವ ಕಿನಾಬಟಂಗನ್ ನದಿಯ ಕಂದು ನೀರಿನ ಮೇಲೆ ಉಸಿರು ಬಿಗಿಹಿಡಿದು ಕೂತಿತ್ತು. ಅವರನ್ನೆಲ್ಲ ಕರೆತಂದ ಟೂರ್ ಲೀಡರ್ ಹರಿಣಿ ದೋಣಿಯ ಮುಂದಿನ ತುದಿಯಲ್ಲಿ ನಿಂತಿದ್ದಳು. ಹತ್ತಡಿ ದೂರದಲ್ಲಿ ಕೂತ ಒಬ್ಬ ಅವಳನ್ನೇ ದುರ್ಬೀನು ಹಿಡಿದು ನೋಡುತ್ತಿದ್ದ.

ಅವಳು ಸೀಟುಗಳ ನಡುವೆ ಬಗ್ಗಿ ನಡೆದು ಅವನ ಪಕ್ಕಕ್ಕೆ ಬಂದಳು. ಹೆಸರು ಪೊನ್ನಣ್ಣ, ಫರೀದಾಬಾದಿನಿಂದ ಬಂದವನು. ಹೆಸರಿನಿಂದಲೇ ಕೊಡಗಿನವನು ಎಂದು ಗೊತ್ತಾಗಿತ್ತು. ಹಾಗಾಗಿ ಕನ್ನಡದಲ್ಲೇ ಪಿಸುಗುಟ್ಟಿದಳು.

"ಮಂಗ ಆ ಕಡೆ ಇದೆ, ಸರ್."

"ಗೊತ್ತು."

"ಮತ್ತೆ ಈ ಕಡೆ ಏನು ನೋಡ್ತಿದ್ದೀರಿ?"

"ಫೋಕಸ್ ಸರಿ ಇದೆಯಾ ಅಂತ ನೋಡ್ತಿದ್ದೆ."

"ಇದೆಯಾ?"

"ಇದೆ," ಎನ್ನುವಾಗ ಅವನ ಕಿವಿಯ ತುದಿ ಕೆಂಪಾಯಿತು. ಅಷ್ಟೆತ್ತರದ, ಸೈನ್ಯದಲ್ಲಿ ಮೇಜರ್ ಆಗಿದ್ದು ಬಂದ ಗಂಡಸಿನ ಕಿವಿ ಹಾಗೆ ಕೆಂಪಾಗುವುದನ್ನು ಹರಿಣಿ ಹಿಂದೆಂದೂ ನೋಡಿರಲಿಲ್ಲ. ನಗು ಬಂತು. ಕೆಲಸದ ಮೇಲಿರುವಾಗ ನಗಬಾರದೆಂದು ತುಟಿ ಕಚ್ಚಿಕೊಂಡು ತನ್ನ ಜಾಗಕ್ಕೆ ವಾಪಸಾದಳು.

ಹರಿಣಿಯ ಬಗ್ಗೆ ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳು ಮುಂದೆ ಮಾಡಿದ್ದು ಅತಿಯಾಯಿತು ಎನ್ನಿಸೀತು. ದೆಹಲಿಯ ಪೀತಮ್‌ಪುರದ ಫ್ಲ್ಯಾಟಿನಲ್ಲಿ ಅಪ್ಪ ಅಮ್ಮನ ಜೊತೆ ಇದ್ದವಳು ಅವಳು. ಅಪ್ಪ ದಕ್ಷಿಣಾಮೂರ್ತಿ ಕೇಂದ್ರ ಸರ್ಕಾರದಲ್ಲಿ ಅಂಡರ್ ಸೆಕ್ರೆಟರಿಯಾಗಿ ರಿಟೈರ್ ಆಗಿದ್ದರು. ಬದುಕಿನಲ್ಲಿ ಅವರಿಗೆ ಬಾಕಿ ಉಳಿದಿದ್ದ ಕೆಲಸವೆಂದರೆ ಮಗಳ ಮದುವೆ. ಅದಕ್ಕಾಗಿ ಕೆಲವು ಗಂಡುಗಳು ಬಂದು ಉಪ್ಪಿಟ್ಟು ತಿಂದು ಹೋಗಿದ್ದರು. ಕೊನೆಯ ಸಲ ಬಂದ ಹುಡುಗನ ಸೋದರತ್ತೆ, ಸೋಫಾದಿಂದ ಬಾಗಿಲ ತನಕ ಒಂದು ಸಲ ನಡೆದು ತೋರಿಸಮ್ಮ ಎಂದಿದ್ದರು.

ಹರಿಣಿ ನಡೆದಳು. ಬಾಗಿಲ ತನಕ ಅಲ್ಲ. ಬಾಗಿಲು ದಾಟಿ, ಮೆಟ್ಟಿಲಿಳಿದು, ಮೆಟ್ರೋ ಹತ್ತಿ ಆಫೀಸಿಗೆ ಹೋದಳು. ಅವತ್ತು ಭಾನುವಾರ, ಆಫೀಸಿಗೆ ಬೀಗ ಹಾಕಿತ್ತು. ಬೀಗದ ಮುಂದೆ ಕೂತೇ ತೀರ್ಮಾನಿಸಿದಳು: ಇನ್ನು ಮೇಲೆ ತನ್ನನ್ನು ಯಾರೂ ನೋಡಲು ಬರುವಂತಿಲ್ಲ. ಮದುವೆ ಆಗದಿದ್ದರೆ ಬೇಡ, ತೂಗಿ ನೋಡುವವರ ಎದುರು ಮತ್ತೆ ಕೂರುವುದಿಲ್ಲ. ಆಮೇಲೆ ಮನೆಯಲ್ಲಿ ಯಾರೂ ಆ ಮಾತನ್ನು ಎತ್ತಿರಲಿಲ್ಲ. ಅಮ್ಮ ಸುಮ್ಮನಾಗಿದ್ದಾಳೆ ಎಂದು ನಂಬಿದ್ದೇ ಹರಿಣಿಯ ತಪ್ಪು.

ಮೊದಲ ದಿನ ಪೊನ್ನಣ್ಣ ವಿಚಿತ್ರ ಪ್ರಶ್ನೆಗಳನ್ನು ಕೇಳಿದ್ದ. ಅಡುಗೆ ಬರುತ್ತದೆಯೇ, ಬೆಳಿಗ್ಗೆ ಬೇಗ ಏಳುತ್ತೀರಾ, ಸಿಟ್ಟು ಬಂದರೆ ಏನು ಮಾಡುತ್ತೀರಿ. ಯಾರೋ ಹೇಳಿಕೊಟ್ಟ ಪಾಠ ಒಪ್ಪಿಸುವವನ ಹಾಗೆ, ಅವಳ ಮುಖ ನೋಡದೆ ಚಹದ ಕಪ್ಪು ನೋಡುತ್ತ ಕೇಳುತ್ತಿದ್ದ. ಹಸಿವಾದರೆ ಅಡುಗೆ ಬರುತ್ತದೆ ಎಂದಿದ್ದಳು ಹರಿಣಿ. ಸಿಟ್ಟು ಬಂದರೆ ಬೈಯುತ್ತೇನೆ, ಅದು ಸಾಲದಿದ್ದರೆ ಊಟ ಮುಗಿಸಿ ಬಂದು ಮತ್ತೆ ಬೈಯುತ್ತೇನೆ ಎಂದಿದ್ದಳು. ಅವನು ನಕ್ಕುಬಿಟ್ಟಿದ್ದ. ಮಾರನೆಯ ದಿನದಿಂದ ಪ್ರಶ್ನೆಗಳು ನಿಂತವು. ನಿಂತದ್ದು ಅವಳಿಗೆ ಗೊತ್ತಾಯಿತು, ಯಾಕೆಂದು ಗೊತ್ತಾಗಲಿಲ್ಲ.

ಕ್ರೂಸ್‌ನ ದೊಡ್ಡ ಬೋಟಿನಲ್ಲಿ ಊಟ, ನಿದ್ದೆ. ಬೆಳಿಗ್ಗೆ ಮತ್ತು ಸಂಜೆ ಸಣ್ಣ ದೋಣಿಗಿಳಿದು ಪ್ರಾಣಿಗಳನ್ನು ಹುಡುಕಿಕೊಂಡು ಹೋಗುವುದು. ಸಣ್ಣ ದೋಣಿಯಲ್ಲಿ ದನಿ ಎತ್ತುವಂತಿಲ್ಲ ಎಂಬುದು ಹರಿಣಿಯ ಕಟ್ಟುನಿಟ್ಟು. ಆದರೂ ಏನಾದರೂ ಅಲುಗಿದರೆ ಗುಂಪಿಗೆ ಗುಂಪೇ ಕೂಗಿಕೊಳ್ಳುತ್ತಿತ್ತು. ಪೊನ್ನಣ್ಣ ಮಾತ್ರ ಕೂಗುತ್ತಿರಲಿಲ್ಲ. ಪ್ರಾಣಿ ಕಂಡರೆ ಅವಳ ಕಡೆ ನೋಡುತ್ತಿದ್ದ. ಅವಳೂ ನೋಡಿದಳೆಂದು ಖಾತ್ರಿಯಾದ ಮೇಲೆ ಒಂದು ಹುಬ್ಬನ್ನು ಮೆಲ್ಲಗೆ ಎತ್ತಿ ದಿಕ್ಕು ತೋರಿಸುತ್ತಿದ್ದ. ಬಲ ಹುಬ್ಬು ಎದ್ದ ಕಡೆ ನೋಡಿದರೆ ಕೊಂಬೆಯ ಮೇಲೆ ಮಂಗಟ್ಟೆ ಹಕ್ಕಿ. ಎಡ ಹುಬ್ಬಿಗೆ ದಂಡೆಯ ಕೆಸರಲ್ಲಿ ಬಾಯಿ ತೆರೆದು ಮಲಗಿದ ಮೊಸಳೆ.

ಎರಡನೆಯ ಸಂಜೆಯ ಹೊತ್ತಿಗೆ ಹರಿಣಿ ಮರಗಳನ್ನು ನೋಡುವುದಕ್ಕಿಂತ ಆ ಹುಬ್ಬನ್ನು ನೋಡುವುದೇ ಹೆಚ್ಚಾಯಿತು. ಒಮ್ಮೆ ಅವನು ಎರಡೂ ಹುಬ್ಬು ಎತ್ತಿದ. ಅವಳು ಗಲಿಬಿಲಿಗೊಂಡು ಎರಡೂ ದಂಡೆ ಹುಡುಕಿದಳು. ಏನೂ ಇರಲಿಲ್ಲ. ತಿರುಗಿ ನೋಡಿದರೆ ಅವನು ನದಿಯ ನೀರನ್ನು ಬಹಳ ಆಸಕ್ತಿಯಿಂದ ಗಮನಿಸುತ್ತಿದ್ದ.

"ಮೇಜರ್ ಸಾಹೇಬ್ರು ಸೈನ್ಯದಲ್ಲೂ ಹುಬ್ಬಲ್ಲೇ ಆರ್ಡರ್ ಕೊಡ್ತಿದ್ರಾ?" ಎಂದು ಊಟದ ಹೊತ್ತಿನಲ್ಲಿ ಛೇಡಿಸಿದಳು.

"ಅಲ್ಲಿ ಕೂಗ್ತಿದ್ದೆ. ಕೂಗಿ ಕೂಗಿ ಸಾಕಾಗಿಯೇ ಬಿಟ್ಟು ಬಂದೆ." ಈಗ ಅವನು ಫರೀದಾಬಾದಿನ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್.

ಮೂರನೆಯ ಬೆಳಿಗ್ಗೆ ಆನೆಗಳು ಸಿಕ್ಕವು. ಬೋರ್ನಿಯೋದ ಆನೆ ನಮ್ಮ ಆನೆಗಿಂತ ಗಿಡ್ಡ, ಮುಖದಲ್ಲಿ ಮಗುವಿನ ಕಳೆ. ಒಂದು ಹಿಂಡು ಮರಿಗಳನ್ನು ನಡುವೆ ಹಾಕಿಕೊಂಡು ನದಿ ದಾಟುತ್ತಿತ್ತು. ಸೊಂಡಿಲುಗಳಷ್ಟೇ ನೀರಿನ ಮೇಲೆ ಕಾಣುತ್ತಿದ್ದವು. ಘಾಜಿಯಾಬಾದಿನ ಖನ್ನಾಜಿ ಎದ್ದು ನಿಂತರು. ಫ್ಯಾಕ್ಟರಿ ಇಟ್ಟುಕೊಂಡವರು, ಜನ ತಮ್ಮ ಮಾತು ಕೇಳುವುದು ಅವರಿಗೆ ರೂಢಿ. ದೋಣಿ ನಡೆಸುವ ಜಮಾಲನಿಗೆ ಹತ್ತಿರ ಹೋಗು ಎಂದರು. ಹರಿಣಿ ಬೇಡವೆಂದಳು. ಮರಿಗಳಿವೆ, ದಾರಿಗೆ ಅಡ್ಡ ಹೋದರೆ ತಾಯಂದಿರು ಗಾಬರಿಯಾಗಿ ಹಿಂದೆ ತಿರುಗುತ್ತವೆ, ಮರಿ ನಡುನೀರಲ್ಲಿ ಉಳಿಯುತ್ತದೆ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದಳು.

ಇಷ್ಟು ದೂರದಿಂದ ಬಂದಿರುವುದು ಯಾತಕ್ಕೆ ಎಂದರು ಖನ್ನಾಜಿ. ನಿನ್ನ ಕಂಪನಿಗೆ ಬರೆಯುತ್ತೇನೆ, ಇನ್ನೊಂದು ಟೂರ್ ಹೇಗೆ ಮಾಡುತ್ತೀ ನೋಡುತ್ತೇನೆ ಎಂದರು. ಇನ್ನೂ ಕೆಲವರು ಅವರ ಜೊತೆ ಸೇರಿದರು. ಹರಿಣಿ ಜಮಾಲನಿಗೆ ಎಂಜಿನ್ ಆರಿಸಲು ಹೇಳಿ, ಖನ್ನಾಜಿಯ ಎದುರಿಗೇ ನಿಂತಳು. ನಾನಿರುವ ದೋಣಿ ಮುಂದೆ ಹೋಗುವುದಿಲ್ಲ, ನೀವು ಕೂತುಕೊಳ್ಳಿ ಎಂದಳು. ಕೊನೆಯ ಮರಿ ಅತ್ತ ದಂಡೆ ಹತ್ತುವ ತನಕ ಹಾಗೇ ನಿಂತಿದ್ದಳು. ಖನ್ನಾಜಿ ಗೊಣಗುತ್ತ ಕೂತರು.

ನಡುವೆ ಒಂದು ಸಲ ಪೊನ್ನಣ್ಣನ ಕಡೆ ನೋಡಿದ್ದಳು. ಈಗ ಎದ್ದು ಮೇಜರ್ ಗಂಟಲು ತೆಗೆಯುತ್ತಾನೆ ಎಂದುಕೊಂಡಿದ್ದಳು. ಅವನು ಕೂತಲ್ಲಿಂದ ಅಲುಗಲಿಲ್ಲ.

"ನೀವ್ಯಾಕೆ ಏನೂ ಹೇಳಲಿಲ್ಲ?" ದೊಡ್ಡ ಬೋಟಿಗೆ ಹತ್ತುವಾಗ ಕೇಳಿದಳು.

"ನೀವು ಹೇಳ್ತಾ ಇದ್ರಲ್ಲ."

"ಒಂದು ಗಂಡಸಿನ ದನಿ ಸೇರಿದ್ರೆ ಅವರು ಬೇಗ ಕೂತ್ಕೋತಿದ್ರು."

"ಹೌದು. ಆಗ ನನ್ನ ಮಾತಿಗೆ ಕೂತ ಹಾಗಾಗ್ತಿತ್ತು. ನಿಮ್ಮ ಮಾತಿಗಲ್ಲ."

ಅವಳ ಜೀವನದಲ್ಲಿ ಇಷ್ಟು ದಿನ ಗಂಡಸರು ಅವಳ ಪರವಾಗಿ ಮಾತಾಡಲು ತುದಿಗಾಲಲ್ಲಿ ನಿಂತವರೇ. ಅವಳ ಮಾತನ್ನು ಅವಳಿಗೇ ಬಿಟ್ಟವನು ಇವನೊಬ್ಬ. ಸುತ್ತಿ ಬಳಸಿ ಹೇಳುವುದೇನು, ಹರಿಣಿಗೆ ಅವನ ಮೇಲೆ ಮನಸ್ಸಾಯಿತು. ಅವನ ಒದ್ದೆ ಅಂಗಿಯ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ಅದನ್ನು ಸರಿಮಾಡಲು ಕೈ ತಾನಾಗಿ ಎದ್ದು ಅರ್ಧದಲ್ಲಿ ನಿಂತಿತು. ಅವನು ನೋಡಿದ. ನೋಡಿ, ತಾನೇ ಸರಿಮಾಡಿಕೊಳ್ಳದೆ, ಆ ಕಾಲರನ್ನು ಹಾಗೇ ಬಿಟ್ಟುಕೊಂಡು ದಿನವಿಡೀ ಓಡಾಡಿದ.

ಆ ಮಧ್ಯಾಹ್ನ ಬೋಟು ನದಿದಂಡೆಯ ಹಳ್ಳಿಯೊಂದರ ಹತ್ತಿರ ನಿಂತಿತು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಸಂಜೆಯ ಹೊತ್ತಿಗೆ ಅಮ್ಮ ದೇವಕಿಯ ಕರೆ ಬಂತು. ಹಲೋ ಇಲ್ಲ, ಏನಿಲ್ಲ.

"ಅಲ್ಲೇನು ಮಾಡ್ಕೊಂಡೆ ನೀನು? ವೈಜಯಂತಿ ಬೇಡ ಅಂದುಬಿಟ್ರು."

ಯಾವ ವೈಜಯಂತಿ ಎಂದಳು ಹರಿಣಿ. ಸಿಟ್ಟಿನ ಭರದಲ್ಲಿ ಅಮ್ಮನ ಬಾಯಿಂದ ಎಲ್ಲ ಬಂತು. ವೈಜಯಂತಿ ಫರೀದಾಬಾದಿನವರು, ಕನ್ನಡದವರು, ಮಗ ಆದರ್ಶ್ ಎಂಜಿನಿಯರ್. ಮಗಳು ಕಾಫಿ ತಟ್ಟೆ ಹಿಡಿದು ಬರುವವಳಲ್ಲ, ನೋಡಬೇಕಾದರೆ ಅವಳ ದೋಣಿಯಲ್ಲೇ ನೋಡಿ ಎಂದು ದೇವಕಿಯೇ ಉಪಾಯ ಹೇಳಿದ್ದಳು. ಅವರಿಗೆ ಬರಲಾಗಲಿಲ್ಲ. ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗಿರುವ ಮೇಜರನ್ನು ಕಳಿಸಿದ್ದರು. ಅವನು ಇವತ್ತು ಮೆಸೇಜು ಮಾಡಿ, ಹುಡುಗಿ ಬೇಡ ಎಂದಿದ್ದ.

ಹರಿಣಿ ಫೋನು ಕಟ್ ಮಾಡಿದಳು. ಸೋಫಾದಿಂದ ಬಾಗಿಲ ತನಕ ನಡೆದ ದಿನದ ಬಿಸಿ ಮತ್ತೆ ಕೆನ್ನೆಗೇರಿತು. ಈ ಸಲ ಮೂರು ದಿನ ನಡೆದಿದ್ದಳು, ಅದೂ ಗೊತ್ತಿಲ್ಲದೆ.

ಗುಂಪೆಲ್ಲ ಕೆಳಗೆ ಪಕೋಡಕ್ಕೆ ಸೇರಿತ್ತು. ಪೊನ್ನಣ್ಣ ಮೇಲಿನ ಡೆಕ್ಕಿನಲ್ಲಿ ಒಬ್ಬನೇ ನಿಂತಿದ್ದ. ಅವಳ ಮುಖ ನೋಡಿದ ಕೂಡಲೇ ಅವನಿಗೆ ವಿಷಯ ತಿಳಿಯಿತು.

"ಏನು ಬರೆದ್ರಿ?"

ಅವನು ಗೊತ್ತಿಲ್ಲದ ಹಾಗೆ ನಟಿಸಲಿಲ್ಲ. "ಹುಡುಗಿ ಯಾರ ಮಾತೂ ಕೇಳಲ್ಲ. ದೊಡ್ಡವರು ಅಂತಲೂ ನೋಡದೆ ಎದುರು ನಿಂತು ಮಾತಾಡ್ತಾಳೆ. ನಿಮ್ಮ ಮನೆಗೆ ಹೊಂದಲ್ಲ. ಇಷ್ಟೇ."

"ಬೆಳಿಗ್ಗೆ ಮೆಚ್ಚಿಕೊಂಡ ಹಾಗೆ ಮಾತಾಡಿದ್ರಿ. ಮಧ್ಯಾಹ್ನ ಇದನ್ನ ಬರೆದ್ರಿ."

"ಮೆಚ್ಚಿಕೊಂಡಿದ್ದಕ್ಕೇ ಬರೆದೆ." ಅವನು ಕಂಬಿ ಹಿಡಿದ ಕೈ ಬಿಡಲಿಲ್ಲ. "ಆ ಮನೆಗೆ ನೀವು ಸೊಸೆಯಾಗಿ ಬಂದ್ರೆ ನಾನು ಅದೇ ಮನೆಯ ಮೇಲಿನ ರೂಮಲ್ಲಿರ್ತೀನಿ. ದಿನಾ ಮೆಟ್ಟಿಲಿಳಿಯುವಾಗ ನಿಮ್ಮನ್ನ ಇನ್ನೊಬ್ಬರ ಹೆಂಡತಿಯಾಗಿ ನೋಡೋದು ನನ್ನ ಕೈಲಾಗಲ್ಲ."

ಇದನ್ನು ಬೇರೆ ಯಾವುದೇ ಹೊತ್ತಿನಲ್ಲಿ ಕೇಳಿದ್ದರೆ ಹರಿಣಿ ಕರಗಿಹೋಗುತ್ತಿದ್ದಳು. ಈಗಲೂ ಒಳಗೆ ಏನೋ ಕರಗಿತು. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು.

"ನಿಮ್ಮನ್ನ ನೋಡೋಕೆ ಬಂದಿದ್ದೀನಿ ಅಂತ ಮೊದಲ ದಿನವೇ ಹೇಳಿದ್ರೆ ನದಿಗೆ ತಳ್ತಿದ್ದೆ. ಆದರೂ ಅದೇ ಮೇಲಾಗಿತ್ತು. ಇಲ್ಲಿ ನಾವು ನೋಡೋ ಪ್ರಾಣಿಗಳಿಗೂ ನಾವು ಬಂದಿರೋದು ಗೊತ್ತಿರುತ್ತೆ, ಮೇಜರ್. ನನಗೆ ಗೊತ್ತಿರಲಿಲ್ಲ."

ಈಗ ಏನು ಮಾಡಲಿ ಎಂದು ಅವನು ಕೇಳಿದ.

"ಯಾಕೆ ಹಾಗೆ ಬರೆದೆ ಅಂತ ವೈಜಯಂತಿಯವರಿಗೆ ನಿಜ ಹೇಳಿ."

"ಹೇಳಿದ್ರೆ?"

"ಹೇಳಿದ್ರೆ ಏನೂ ಇಲ್ಲ. ನನ್ನ ಹತ್ತಿರ ಬರಬೇಡಿ. ಹೇಳಿ, ಅಷ್ಟೇ."

ಉಳಿದ ಪ್ರಯಾಣದಲ್ಲಿ ಅವನು ಹುಬ್ಬು ಎತ್ತಲಿಲ್ಲ. ಕೊನೆಯ ಬೆಳಿಗ್ಗೆ ಒಂದು ತಾಯಿ ಓರಂಗುಟಾನ್ ಮರಿಯನ್ನು ಎದೆಗಂಟಿಸಿಕೊಂಡು ಎಲೆಗಳ ಮರೆಯಲ್ಲಿ ಕೂತಿತ್ತು. ಅವನು ನೋಡಿದ. ಅವನು ನೋಡಿದ್ದನ್ನು ಅವಳು ನೋಡಿದಳು. ಇಬ್ಬರೂ ಬಾಯಿ ಬಿಡಲಿಲ್ಲ. ಖನ್ನಾಜಿ ಓರಂಗುಟಾನ್ ನೋಡದೆಯೇ ಘಾಜಿಯಾಬಾದಿಗೆ ಮರಳಿದರು.

ದೆಹಲಿಗೆ ಬಂದ ಮೇಲೆ ಮರೆತರಾಯಿತು ಎಂದುಕೊಂಡಿದ್ದಳು ಹರಿಣಿ. ಮೆಟ್ರೋ ಇದೆ, ಆಫೀಸು ಇದೆ, ಮುಂದಿನ ಟೂರಿನ ತಯಾರಿ ಇದೆ. ಖನ್ನಾಜಿ ಹೇಳಿದಂತೆ ದೂರನ್ನೂ ಬರೆದಿದ್ದರು, ಅದಕ್ಕೆ ಉತ್ತರ ಕೊಡುವ ಕೆಲಸವೂ ಇತ್ತು. ಒಂದು ಬೆಳಿಗ್ಗೆ ಪಾರ್ಕಿನ ಪಕ್ಕ ನಡೆದು ಹೋಗುವಾಗ ಅರಳಿಮರದಲ್ಲಿ ಬೂದು ಬಣ್ಣದ ಮಂಗಟ್ಟೆ ಕೂತಿತ್ತು. ದೆಹಲಿಯಲ್ಲಿ ಅದೇನು ಅಪರೂಪವಲ್ಲ. ಆದರೆ ಹಕ್ಕಿ ಕಂಡದ್ದೇ ತಡ, ಅವಳು ತಿರುಗಿ ಪಕ್ಕದಲ್ಲಿ ಒಂದು ಹುಬ್ಬನ್ನು ಹುಡುಕಿದಳು. ಪಕ್ಕದಲ್ಲಿ ಹಾಲಿನ ಭಯ್ಯಾ ಸೈಕಲ್ ನಿಲ್ಲಿಸಿಕೊಂಡು, ಏನಾಯಿತು ದೀದಿ ಎನ್ನುವಂತೆ ನೋಡುತ್ತಿದ್ದ. ಹರಿಣಿಗೆ ಅಲ್ಲೇ, ರಸ್ತೆಯಲ್ಲೇ, ಅಳು ಬಂತು. ತನ್ನ ಮೇಲೇ ಸಿಟ್ಟೂ ಬಂತು.

ಅದೇ ವಾರ ದೇವಕಿ ಸಂಭ್ರಮದಿಂದ ಹೇಳಿದಳು, ವೈಜಯಂತಿಯವರು ಭಾನುವಾರ ಬರುತ್ತಿದ್ದಾರೆ. ಪೊನ್ನಣ್ಣ ಅವರ ಹತ್ತಿರ ನಿಜ ಹೇಳಿದ್ದನಂತೆ. ತನ್ನ ಸ್ವಾರ್ಥಕ್ಕಾಗಿ ಹಾಗೆ ಬರೆದೆ, ಹುಡುಗಿಯಲ್ಲಿ ಕೊರತೆಯೇನೂ ಇಲ್ಲ ಎಂದನಂತೆ. ಎಂಥ ಸ್ವಾರ್ಥ ಎಂದು ವೈಜಯಂತಿ ಬಿಡಿಸಿ ಹೇಳಿರಲಿಲ್ಲ. ಕೊರತೆಯಿಲ್ಲದ ಹುಡುಗಿಯನ್ನು ಬಿಡುವುದು ಯಾಕೆಂದು ಅವರು ಮಗನನ್ನು ಕರೆದುಕೊಂಡು ಹೊರಟಿದ್ದರು. ಬರೆದದ್ದು ಸುಳ್ಳೆಂದು ಎಲ್ಲರ ಮುಂದೆ ಹೇಳಿಸಲು ಮೇಜರನ್ನೂ ಕರೆತರುವವರಿದ್ದರು.

ಅವನ ಬಾಯಿಂದ ನಿಜ ಹೇಳಿಸಿದ್ದಕ್ಕೆ ಸಿಕ್ಕ ಫಲ ಇದು. ಹರಿಣಿ ಮೆಟ್ರೋ ಹತ್ತಿ ಓಡಿಹೋಗುತ್ತಾಳೆ ಎಂದು ಹೆದರಿದ್ದ ದೇವಕಿಗೆ ಮಗಳ ಉತ್ತರ ಕೇಳಿ ಆಶ್ಚರ್ಯವಾಯಿತು. ಬರಲಿ ಎಂದಳು ಹರಿಣಿ. ಅವಳಿಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು. ಆ ಮನುಷ್ಯ ಎಲ್ಲರ ಮುಂದೆ ಮರ್ಯಾದೆಗಾಗಿ ಮಾತು ಬದಲಿಸುತ್ತಾನೋ ಇಲ್ಲವೋ. ಬದಲಿಸಿದರೆ ಅವನನ್ನು ಮನಸ್ಸಿನಿಂದ ಕಿತ್ತು ಹಾಕುವುದು ಸುಲಭ.

ಭಾನುವಾರ ಅವರು ಬಂದರು. ವೈಜಯಂತಿ ಮುಂದೆ, ಫೋನು ನೋಡುತ್ತ ಆದರ್ಶ್ ಹಿಂದೆ, ಕೊನೆಗೆ ಪೊನ್ನಣ್ಣ. ಅವನು ಸೊರಗಿದ್ದ. ಹರಿಣಿ ಸೀರೆ ಉಟ್ಟಿರಲಿಲ್ಲ, ಕೈಯಲ್ಲಿ ತಟ್ಟೆಯೂ ಇರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ, ಕೈಕಟ್ಟಿ ನಿಂತಿದ್ದಳು. ದಕ್ಷಿಣಾಮೂರ್ತಿ ಆ ನಿಲುವನ್ನು ನೋಡಿ ಕೆಮ್ಮಿದರು.

"ಪೊನ್ನಣ್ಣ, ಹೇಳಪ್ಪ," ಎಂದರು ವೈಜಯಂತಿ. "ನೀನು ಬರೆದದ್ದು ಸುಳ್ಳು ಅಂತ ಇವರ ಮುಂದೆ ಹೇಳು."

ಅವನು ಎದ್ದು ನಿಂತ. ದೊಡ್ಡವರನ್ನು ಬಿಟ್ಟು ಹರಿಣಿಯನ್ನೇ ನೋಡಿ ಮಾತಾಡಿದ.

"ಕದ್ದು ನೋಡಿದ್ದು ತಪ್ಪು. ಅದಕ್ಕೆ ಹರಿಣಿಯವರ ಹತ್ತಿರ ಕ್ಷಮೆ ಕೇಳ್ತೀನಿ, ಬೇರೆ ಯಾರ ಹತ್ತಿರವೂ ಅಲ್ಲ. ಆದರೆ ಬರೆದದ್ದು ಸುಳ್ಳಲ್ಲ, ಆಂಟಿ. ಅವರು ಯಾರ ಮಾತೂ ಕೇಳಲ್ಲ. ಅದಕ್ಕೇ ನನಗೆ ಅವರು ಇಷ್ಟ. ನಿಮಗೂ ಅದನ್ನೇ ಹೇಳಿದ್ದೆ."

ದೇವಕಿಯ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. ವೈಜಯಂತಿಯ ಮುಖ ಕಪ್ಪಿಟ್ಟಿತು. ಮಗನ ಹಾಗೆ ನೋಡಿಕೊಂಡೆನಲ್ಲೋ ಎಂದರು, ಮೇಲಿನ ರೂಮು ಖಾಲಿ ಮಾಡು ಎಂದರು. ಅವನು ಡೆಂಗಿ ಜ್ವರದಲ್ಲಿ ಮಲಗಿದ್ದಾಗ ಗಂಜಿ ಕುಡಿಸಿ ಬದುಕಿಸಿದವರು ಅವರು. ಬೆಳಿಗ್ಗೆಯೇ ಸಾಮಾನು ಕಟ್ಟಿಟ್ಟಿದ್ದೇನೆ ಆಂಟಿ ಎನ್ನುವಾಗ ಪೊನ್ನಣ್ಣನ ದನಿ ಒಡೆಯಿತು. ಆದರೂ ಮಾತು ಬದಲಿಸಲಿಲ್ಲ.

ಹರಿಣಿ ಬಾಗಿಲು ಬಿಟ್ಟು ನಡುಮನೆಗೆ ಬಂದಳು. ಮೊದಲು ವೈಜಯಂತಿಯ ಎದುರು ನಿಂತು, ಮರ್ಯಾದೆಯಿಂದಲೇ, ಮೇಜರ್ ಬರೆದದ್ದು ಸರಿ, ನಾನು ನಿಮ್ಮ ಮನೆಗೆ ಹೊಂದುವವಳಲ್ಲ ಎಂದಳು. ಆಮೇಲೆ ಅವನ ಕಡೆ ತಿರುಗಿದಳು.

"ನಿಮ್ಮ ಮನೆಗೆ ಹೊಂದ್ತೀನಾ?"

"ನಮ್ಮ ಮನೇಲಿ ಯಾರೂ ಯಾರ ಮಾತೂ ಕೇಳಲ್ಲ," ಎಂದ ಪೊನ್ನಣ್ಣ. "ನಮ್ಮಮ್ಮ ಬೋಜಮ್ಮನ್ನ ಒಂದು ಸಲ ನೋಡಿ, ನಿಮಗೇ ಗೊತ್ತಾಗುತ್ತೆ."

ಮೊದಲು ನಕ್ಕವನು ಆದರ್ಶ್. ತಾಯಿ ದುರುಗುಟ್ಟಿದರು, ಅವನು ಮತ್ತೆ ಫೋನು ನೋಡತೊಡಗಿದ. ಪಾಪ, ಅವನನ್ನೂ ಯಾರೂ ಏನೂ ಕೇಳಿರಲಿಲ್ಲ.

ದಕ್ಷಿಣಾಮೂರ್ತಿ ಎದ್ದರು. ಹುಡುಗ ಕೊಡವ, ಊಟ ಬೇರೆ, ಪದ್ಧತಿ ಬೇರೆ, ನಾಲ್ಕು ಜನಕ್ಕೆ ನಾನು ಏನು ಹೇಳಲಿ ಎಂದರು. ಕಡೆಗೆ ಆಫೀಸಿನ ದನಿಯಲ್ಲಿ, "ಇದಕ್ಕೆ ನನ್ನ ಒಪ್ಪಿಗೆ ಇಲ್ಲ," ಎಂದರು.

"ಫಾರ್ ಅಪ್ರೂವಲ್ ಅಲ್ಲಪ್ಪ," ಎಂದಳು ಹರಿಣಿ ಮೆತ್ತಗೆ. "ಫಾರ್ ಇನ್ಫರ್ಮೇಶನ್."

ಸರ್ವೀಸಿನುದ್ದಕ್ಕೂ ಕಡತಗಳ ಮೇಲೆ ಆ ಎರಡು ಮಾತುಗಳನ್ನು ನೋಡಿ ಬಂದವರು ಅವರು. ಅವುಗಳ ನಡುವಿನ ಅಂತರ ಅವರಷ್ಟು ಚೆನ್ನಾಗಿ ಬಲ್ಲವರು ಪೀತಮ್‌ಪುರದಲ್ಲಿ ಇರಲಿಲ್ಲ. ಎದ್ದವರು ಮತ್ತೆ ಕೂತರು. ದೇವಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅಳುವಿಗೋ ನಗುವಿಗೋ ಅವಳಿಗೇ ಗೊತ್ತು.

"ಚಲೋ," ಎಂದಳು ಹರಿಣಿ ಪೊನ್ನಣ್ಣನಿಗೆ. ಚಪ್ಪಲಿ ಮೆಟ್ಟಿಕೊಂಡು ಇಬ್ಬರೂ ಮೆಟ್ಟಿಲಿಳಿದರು.

ಕೆಳಗೆ ಭಾನುವಾರದ ಬಿಸಿಲು. ತರಕಾರಿ ಗಾಡಿಯ ಸುತ್ತ ಹೆಂಗಸರು, ಬಾಲ್ಕನಿಗಳಲ್ಲಿ ತಲೆ ಒಣಗಿಸಿಕೊಳ್ಳುವ ಆಂಟಿಯರು. ಮೂರ್ತಿಯವರ ಮಗಳು ಯಾರ ಜೊತೆ ಹೊರಟಳು ಎಂದು ಕತ್ತುಗಳು ಒಂದೊಂದಾಗಿ ತಿರುಗಿದವು.

"ನಿಮ್ಮನ್ನ ಇನ್ನೂ ಕ್ಷಮಿಸಿಲ್ಲ," ಎಂದಳು ಹರಿಣಿ.

"ಗೊತ್ತು."

"ತುಂಬಾ ವರ್ಷ ಹಿಡೀಬಹುದು."

"ಹಿಡೀಲಿ. ನಾನೆಲ್ಲೂ ಹೋಗಲ್ಲ."

ಅವಳು ರಸ್ತೆಯ ನಡುವೆಯೇ ನಿಂತು ಅವನ ಕೈ ಹಿಡಿದಳು. ಅವನ ಕಿವಿಗಳೆರಡೂ ಕೆಂಪಾದವು. ಮೇಲೆ ನೋಡಿ, ಕೈ ಬಿಡಿಸಿಕೊಳ್ಳಲು ಮೆಲ್ಲಗೆ ಎಳೆದ.

"ಎಲ್ಲ ನೋಡ್ತಾ ಇದ್ದಾರೆ."

"ಕದ್ದು ನೋಡ್ತಿಲ್ಲವಲ್ಲ," ಎಂದಳು ಹರಿಣಿ, ಹಿಡಿತವನ್ನು ಇನ್ನಷ್ಟು ಬಿಗಿಮಾಡಿ. "ನೋಡಲಿ ಬಿಡಿ."